ಟರ್ಬೊ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್: ಹೀಟ್ ರೇಂಜ್ ಮೊದಲು, ಲೋಹ ಆಮೇಲೆ

ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸಿಕೊಂಡ ಟರ್ಬೊ ಕಾರಿಗೆ ಯಾವ ಪ್ಲಗ್ ಹಾಕಿಸಬೇಕೆಂದು ಗೆಳೆಯರು ಕೇಳುವಾಗ, ಮಾತು ಸಾಮಾನ್ಯವಾಗಿ ಇರಿಡಿಯಮ್ ಒಳ್ಳೆಯದೋ ಪ್ಲಾಟಿನಮ್ ಒಳ್ಳೆಯದೋ ಎಂಬಲ್ಲಿಂದಲೇ ಆರಂಭವಾಗುತ್ತದೆ. ಲೋಹದ ಪ್ರಶ್ನೆಯನ್ನು ಕೊನೆಗಿಟ್ಟು, ಹೀಟ್ ರೇಂಜ್ (ಪ್ಲಗ್ ತನ್ನ ಶಾಖವನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂಬ ಅಳತೆ) ಮತ್ತು ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ನಡುವಿನ ಅಂತರ) ಎರಡನ್ನೂ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೀಟ್ ರೇಂಜ್ ತಪ್ಪಿದರೆ ಎಷ್ಟೇ ದುಬಾರಿ ಲೋಹವಾದರೂ ಪಿಸ್ಟನ್ನನ್ನು ಕಾಪಾಡಲಾರದು.

ಪ್ಲಗ್‌ನ ತುದಿಯ ಉಷ್ಣತೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅಲ್ಲಿ ಕೂರುವ ಮಸಿ ಸುಟ್ಟುಹೋಗುವುದಿಲ್ಲ. 850ರ ಆಸುಪಾಸನ್ನು ಮೀರಿದರೆ, ಕಿಡಿ ಹಾರುವ ಮೊದಲೇ ಕೆಂಪಗೆ ಕಾದ ತುದಿಯೇ ಮಿಶ್ರಣಕ್ಕೆ ಬೆಂಕಿ ಹೊತ್ತಿಸಿಬಿಡುತ್ತದೆ. ಈ ಎರಡು ಗೆರೆಗಳ ನಡುವೆ ತುದಿಯನ್ನು ಹಿಡಿದಿಡುವುದೇ ಹೀಟ್ ರೇಂಜ್‌ನ ಕೆಲಸ. ಒಳಗಿನ ಪಿಂಗಾಣಿಯ ಮೂಗು ಗಿಡ್ಡವಾಗಿದ್ದರೆ ಶಾಖವು ಲೋಹದ ಕವಚಕ್ಕೂ, ಅಲ್ಲಿಂದ ಸಿಲಿಂಡರ್ ಹೆಡ್‌ಗೂ ಬೇಗ ಹರಿದುಹೋಗುತ್ತದೆ. ಅಂಥದ್ದನ್ನು ಕೋಲ್ಡ್ ಪ್ಲಗ್ ಎನ್ನುತ್ತಾರೆ. ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಹೆಚ್ಚಿಸಿದಾಗ ಸಿಲಿಂಡರಿನೊಳಗಿನ ಒತ್ತಡವೂ ಶಾಖವೂ ಏರುವುದರಿಂದ, 75ರಿಂದ 100 ಅಶ್ವಶಕ್ತಿ ಹೆಚ್ಚಿದಾಗ ಒಂದು ಹಂತ ಕೋಲ್ಡ್ ಆದ ಪ್ಲಗ್‌ಗೆ ಹೋಗುವುದು ಟ್ಯೂನರ್‌ಗಳ ರೂಢಿ.

ಈ ರೂಢಿಯನ್ನು ಕಣ್ಣುಮುಚ್ಚಿ ಪಾಲಿಸಬಾರದು. 2017ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನೇ ನೋಡೋಣ. ಅದರ 2 ಲೀಟರ್ ಟರ್ಬೊ ಎಂಜಿನ್ ಕಂಪನಿಯಿಂದ ಬರುವಾಗ 230 ಪಿಎಸ್ (ಅಶ್ವಶಕ್ತಿಗೆ ಹೆಚ್ಚುಕಡಿಮೆ ಸಮನಾದ ಮಾನ) ಕೊಡುತ್ತಿತ್ತು, ಮೊದಲ ಹಂತದ ರೀಮ್ಯಾಪ್ ಆದ ಮೇಲೆ 300ರ ಹತ್ತಿರ ಬರುತ್ತದೆ. ಆದರೆ ಈ ಕುಟುಂಬದ ಎಂಜಿನ್‌ಗಳಿಗೆ ಕಂಪನಿಯೇ, ಪ್ಲಗ್ ತಯಾರಕ ಎನ್‌ಜಿಕೆಯ ಲೆಕ್ಕದಲ್ಲಿ, 7ನೇ ಹೀಟ್ ರೇಂಜ್‌ನ ಪ್ಲಗ್ ಕೊಡುತ್ತದೆ. ಅದು ಈಗಾಗಲೇ ಸಾಕಷ್ಟು ಕೋಲ್ಡ್. ದಿನವೂ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಕಚೇರಿಗೆ ಹೋಗುವ ಕಾರು ಬಹುಪಾಲು ಸಮಯವನ್ನು ಐಡ್ಲಿಂಗ್‌ನಲ್ಲೇ ಕಳೆಯುತ್ತದೆ. ಅಂಥ ಕಾರಿಗೆ 8ನೆಯದನ್ನು ಹಾಕಿದರೆ ತುದಿ ಬೇಕಾದಷ್ಟು ಕಾಯದೆ ಮಸಿ ಹಿಡಿಯುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಊರೊಳಗಿನ ಓಡಾಟಕ್ಕೆ 7ನ್ನೇ ಉಳಿಸಿಕೊಂಡು ಗ್ಯಾಪ್ ಮಾತ್ರ ಕಡಿಮೆ ಮಾಡಿ ಎನ್ನುತ್ತೇನೆ. ಚೆನ್ನೈ ಬಳಿಯ ಶ್ರೀಪೆರಂಬುದೂರಿನ ರೇಸ್ ಟ್ರ್ಯಾಕ್‌ಗೆ ಕಾರು ಒಯ್ದು ಸುತ್ತಿನ ಮೇಲೆ ಸುತ್ತು ಫುಲ್ ಥ್ರಾಟಲ್‌ನಲ್ಲಿ ಓಡಿಸುವವರಿಗೆ, ಇಲ್ಲವೇ ದೊಡ್ಡ ಟರ್ಬೊ ಕೂರಿಸಿದವರಿಗೆ, 8 ಖಂಡಿತ ಬೇಕು.

ಅಂಕಿಗಳನ್ನು ಓದುವಾಗ ಎಚ್ಚರವಿರಲಿ. ಎನ್‌ಜಿಕೆ ಮತ್ತು ಡೆನ್ಸೊ ಕಂಪನಿಗಳ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಎನ್‌ಜಿಕೆಯ 6, 7, 8ಕ್ಕೆ ಡೆನ್ಸೊದಲ್ಲಿ 20, 22, 24 ಸಮ. ಬಾಷ್‌ನಲ್ಲಿ ಇದು ತಿರುಗುಮುರುಗು, ಅಲ್ಲಿ ಚಿಕ್ಕ ಅಂಕಿಯೇ ಕೋಲ್ಡ್. ಒಂದು ಕಂಪನಿಯ ಅಂಕಿಯನ್ನು ನೆನಪಿಟ್ಟುಕೊಂಡು ಇನ್ನೊಂದು ಕಂಪನಿಯ ಪ್ಲಗ್ ಕೊಂಡರೆ ಎಂಜಿನ್ನಿಗೇ ಕುತ್ತು.

ಇನ್ನು ಗ್ಯಾಪ್. ಕಿಡಿ ಹಾರುವ ಹೊತ್ತಿನಲ್ಲಿ ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದ್ದಷ್ಟೂ ಅದೇ ಗ್ಯಾಪ್ ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ, ಇಗ್ನಿಷನ್ ಕಾಯಿಲ್‌ಗೆ ಅದನ್ನು ಕೊಡಲಾಗದಿದ್ದರೆ ಮಿಸ್‌ಫೈರ್ ಆಗುತ್ತದೆ, ಅಂದರೆ ಮಿಶ್ರಣ ಹೊತ್ತಿಕೊಳ್ಳುವುದೇ ಇಲ್ಲ. ಮೇಲಿನ ಗೇರಿನಲ್ಲಿ, ಮಧ್ಯಮ ಆರ್‌ಪಿಎಮ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಕಾರು ಮುಗ್ಗರಿಸಿದಂತಾಗಿ, ಕಾಲು ಸಡಿಲಿಸಿದೊಡನೆ ಸರಿಹೋದರೆ ಮೊದಲು ಗ್ಯಾಪನ್ನೇ ಅನುಮಾನಿಸಿ. ಟೊಯೋಟಾ ಸುಪ್ರಾದ 2ಜೆಜಡ್-ಜಿಟಿಇ ಎಂಜಿನ್ನು ಮೂಲದಲ್ಲಿ 6ನೇ ಹೀಟ್ ರೇಂಜ್‌ನ, 1.1 ಮಿ.ಮೀ. ಗ್ಯಾಪ್‌ನ ಪ್ಲಗ್ ಬಳಸುತ್ತಿತ್ತು. ಅದರಿಂದ ಮೂಲಕ್ಕಿಂತ ಎರಡು ಪಟ್ಟು ಶಕ್ತಿ ತೆಗೆಯುವವರು 8ನೇ ರೇಂಜ್‌ನ ಬಿಕೆಆರ್8ಇಯಂಥ ಸಾದಾ ನಿಕ್ಕಲ್ ಪ್ಲಗ್ ಹಾಕಿ ಗ್ಯಾಪನ್ನು 0.6ರ ಹತ್ತಿರಕ್ಕೆ ಇಳಿಸುವುದು ಸಾಮಾನ್ಯ. ಆಕ್ಟೇವಿಯಾದಲ್ಲಿ 0.8ರಿಂದ 0.7ಕ್ಕೆ ಇಳಿಸಿದರೆ ಮೊದಲ ಹಂತದ ರೀಮ್ಯಾಪ್‌ಗೆ ಬಹುತೇಕ ಸಾಕು. ಬೇಕಿಲ್ಲದೆ ಇನ್ನೂ ಇಳಿಸಿದರೆ ಕಿಡಿ ಚಿಕ್ಕದಾಗಿ ಐಡ್ಲಿಂಗ್ ಒರಟಾಗುತ್ತದೆ. ಗ್ಯಾಪ್ ಹೊಂದಿಸುವಾಗ ಹೊರಗಿನ ಬಾಗಿದ ಕಡ್ಡಿಯನ್ನಷ್ಟೇ ಮೆಲ್ಲಗೆ ಒತ್ತಬೇಕು. ಡೆನ್ಸೊ ಇರಿಡಿಯಮ್ ಪವರ್‌ನ ನಡುವಿನ ತುದಿ ಕೇವಲ 0.4 ಮಿ.ಮೀ. ದಪ್ಪವಿರುವುದರಿಂದ, ಅದಕ್ಕೆ ಗ್ಯಾಪ್ ಅಳೆಯುವ ಗೇಜ್ ಆನಿಸಿ ಮೀಟಿದರೆ ಮುರಿಯುವುದು ಖಚಿತ.

ಲೋಹದ ವಿಷಯ ಇಷ್ಟೇ: ನಿಕ್ಕಲ್ ಬೇಗ ಸವೆಯುತ್ತದೆ, ಅಗ್ಗ. ಇರಿಡಿಯಮ್ 2,400 ಡಿಗ್ರಿಗೂ ಮೇಲೆ ಕರಗುವ ಗಟ್ಟಿ ಲೋಹವಾದ್ದರಿಂದ ತುದಿಯನ್ನು ಸಣ್ಣದಾಗಿಸಬಹುದು. ಸಣ್ಣ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿನಲ್ಲೇ ಹಾರುತ್ತದೆ. ದಿನಬಳಕೆಗೆ ನಾನು ಇರಿಡಿಯಮ್ಮನ್ನೇ ಹೇಳುತ್ತೇನೆ. ಪದೇಪದೇ ಬಿಚ್ಚಿ ನೋಡುವ ಟ್ರ್ಯಾಕ್ ಕಾರಿಗೆ ನಿಕ್ಕಲ್ ಸಾಕು.

ಆಯ್ಕೆ ಸರಿಯೇ ಎಂಬುದನ್ನು ಬಿಚ್ಚಿದ ಪ್ಲಗ್ ಹೇಳುತ್ತದೆ. ಸಿಲಿಂಡರ್ ಕ್ರಮದಲ್ಲೇ ಸಾಲಾಗಿಟ್ಟು, ಟಾರ್ಚ್ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಪಿಂಗಾಣಿಯನ್ನು ನೋಡಿ. ತಿಳಿ ಕಂದು ಬಣ್ಣವಿದ್ದರೆ ನಿಶ್ಚಿಂತೆ. ಒಣ ಕಪ್ಪು ಮಸಿಯಿದ್ದರೆ ಪ್ಲಗ್ ತೀರಾ ಕೋಲ್ಡ್ ಆಗಿರಬಹುದು, ಇಲ್ಲವೇ ಪೆಟ್ರೋಲ್ ಹೆಚ್ಚು ಹೋಗುತ್ತಿರಬಹುದು. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಸಣ್ಣ ಕಪ್ಪು ಚುಕ್ಕೆಗಳೋ, ಮಿನುಗುವ ಅಲ್ಯುಮಿನಿಯಂ ಕಣಗಳೋ ಕಂಡರೆ ಅದು ನಾಕಿಂಗ್‌ನ (ಮಿಶ್ರಣ ಹತೋಟಿ ತಪ್ಪಿ ಒಮ್ಮೆಲೇ ಸಿಡಿಯುವುದರ) ಗುರುತು; ಆ ಕಣಗಳು ಪಿಸ್ಟನ್ನಿನಿಂದಲೇ ಬಂದವು. ಅಂಥ ಕಾರನ್ನು ಮತ್ತೆ ಬೂಸ್ಟ್‌ಗೆ ಹಚ್ಚುವ ಮೊದಲು ಟ್ಯೂನರ್‌ಗೆ ತೋರಿಸಿ, ಇಗ್ನಿಷನ್ ಟೈಮಿಂಗನ್ನೂ ಪೆಟ್ರೋಲಿನ ಆಕ್ಟೇನನ್ನೂ (ನಾಕಿಂಗ್ ತಡೆಯುವ ಗುಣದ ಅಳತೆ) ಪರೀಕ್ಷಿಸಿಕೊಳ್ಳಲೇಬೇಕು, ಏಕೆಂದರೆ ಪ್ಲಗ್ ಬದಲಿಸಿದ ಮಾತ್ರಕ್ಕೆ ಅದು ಗುಣವಾಗುವುದಿಲ್ಲ.

ಹೊಸದನ್ನು ಕೂರಿಸುವಾಗ ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಮೊದಲು ಕೈಯಿಂದಲೇ ಮರೆ (ತಿರುಪಿನ ಥ್ರೆಡ್) ಹಿಡಿಸಿ, ಅಲ್ಯುಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ 25ರಿಂದ 30 ನ್ಯೂಟನ್ ಮೀಟರ್‌ವರೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. ಮರೆಗೆ ಆಂಟಿ-ಸೀಜ್ ಪೇಸ್ಟ್ (ತಿರುಪು ಕಚ್ಚಿಕೊಳ್ಳದಂತೆ ಹಚ್ಚುವ ಜಿಡ್ಡು) ಬಳಿಯಬೇಡಿ; ಜಾರುವಿಕೆ ಹೆಚ್ಚಿ, ರೆಂಚ್ ತೋರಿಸುವುದಕ್ಕಿಂತ ಹೆಚ್ಚು ಬಿಗಿದುಕೊಂಡು ಮರೆಯೇ ಹಾಳಾಗಬಹುದು ಎಂದು ಎನ್‌ಜಿಕೆಯೂ ಎಚ್ಚರಿಸುತ್ತದೆ.