ಹಲ್ಲಿನ ಆರನೇ ಫೋಟೋ

2025 ನವೆಂಬರ್ 18, ಮಂಗಳವಾರ
ಹನುಮಂತನಗರ

ನಿನ್ನೆ ಕಾರ್ತಿಕದ ಕೊನೆಯ ಸೋಮವಾರ. ಬುಲ್ ಟೆಂಪಲ್ ರೋಡಿನ ತುಂಬ ಪರಿಷೆ. ಇವತ್ತೂ ಜನ ಕಡಿಮೆಯಾಗಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೊರಟವಳು ಕಡಲೆಕಾಯಿ ರಾಶಿಗಳ ನಡುವೆಯೇ ದಾರಿ ಮಾಡಿಕೊಂಡು ಹೋಗಬೇಕಾಯಿತು. ಜೊತೆಗೆ ಇವರು. 'ಹಲ್ಲಿದ್ದಾಗ ಕಡಲೆ ಇಲ್ಲ' ಅಂತ ಶುರು ಮಾಡಿದರು. ನಾನು ತಿರುಗಿ ನೋಡಿದೆ. ಗಾದೆ ಅಲ್ಲಿಗೇ ನಿಂತಿತು.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಎಡಗಡೆ ಕೆಳಗಿನ ದೊಡ್ಡ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಬೇರಿನೊಳಗಿನ ಸೋಂಕು ತೆಗೆದು ನಾಳ ತುಂಬಿ, ಮೇಲೆ ಕ್ಯಾಪೂ ಹಾಕಿದ್ದರು. ಆರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬಂದು ಎಕ್ಸ್‌ರೇ ತೆಗೆಸಿ ಅಂತ ಹೇಳಿದ್ದರು. ಮಾರ್ಚಿನಲ್ಲಿ ಹೋಗಿದ್ದೆ. ಸೆಪ್ಟೆಂಬರಿನಲ್ಲಿ ಹೋಗಲಿಲ್ಲ. ನೋವಿಲ್ಲವಲ್ಲ, ಯಾಕೆ ಹೋಗೋದು ಅನ್ನೋ ಸೋಮಾರಿತನ.

ದಸರಾ ಮುಗಿದ ಮೇಲೆ ಪ್ರೆಸ್ಸಿನ ಹತ್ತಿರದ ಬೇರೊಂದು ಕ್ಲಿನಿಕ್ಕಿಗೆ ಹಲ್ಲು ಕ್ಲೀನ್ ಮಾಡಿಸಲು ಹೋದೆ. ತಪ್ಪು ಮಾಡಿದ್ದು ಅಲ್ಲಿ. ಅವರು ಗದ್ದ ಊರಿಸಿ ನಿಲ್ಲಿಸಿ, ಮಿಷನ್ ತಲೆಯ ಸುತ್ತ ತಿರುಗುವ ಓಪಿಜಿ ತೆಗೆದರು. ಎರಡೂ ದವಡೆ ಒಟ್ಟಿಗೆ ಕಾಣುವ ಚಿತ್ರ. ಬೇರಿನ ತುದಿಯಲ್ಲಿ ಒಂದು ಕಪ್ಪು ಮಚ್ಚೆ. 'ಇನ್‌ಫೆಕ್ಷನ್ ಹೋಗೇ ಇಲ್ಲ ಮೇಡಂ. ಕಿತ್ತು ಇಂಪ್ಲಾಂಟ್ ಹಾಕೋದೇ ಸರಿ' ಅಂದರು. ಖರ್ಚಿನ ಚೀಟಿಯನ್ನೂ ಬರೆದುಕೊಟ್ಟರು. ಹಳೇ ಎಕ್ಸ್‌ರೇ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ಒಂದು ತಿಂಗಳು ಆ ಚೀಟಿ ನನ್ನ ಪರ್ಸಿನಲ್ಲಿ, ಆ ಮಚ್ಚೆ ನನ್ನ ತಲೆಯಲ್ಲಿ.

ಇವತ್ತು ನಮ್ಮ ಡಾಕ್ಟರ ಹತ್ತಿರ ಹೋದರೆ ಅಲ್ಲಿ ಬೇರೆಯದೇ ಕಥೆ. ನನ್ನ ಹಳೇ ಫೋಟೋಗಳೇ ಕಂಪ್ಯೂಟರಿನಲ್ಲಿ ಸಿಗಲಿಲ್ಲ! ಮಾರ್ಚಿನದು ಇದೆ, ಅದಕ್ಕೂ ಹಿಂದಿನವು ಇಲ್ಲ. ರಿಸೆಪ್ಷನ್ ಹುಡುಗಿ ಹತ್ತು ನಿಮಿಷ ಹುಡುಕಿದಳು. ಆಮೇಲೆ ಗೊತ್ತಾಯಿತು. ಇಂಗ್ಲಿಷಿನಲ್ಲಿ ನನ್ನ ಹೆಸರಿನ 'ಲಕ್ಷ್ಮಿ'ಯನ್ನು ಒಂದು ಸಲ ಕೆ-ಎಸ್-ಎಚ್ ಹಾಕಿ, ಇನ್ನೊಂದು ಸಲ ಎಕ್ಸ್ ಹಾಕಿ ಬರೆದಿದ್ದರು. ಅವರ ಲೆಕ್ಕದಲ್ಲಿ ಇಬ್ಬರು ಲಕ್ಷ್ಮಿಯರು. ಒಬ್ಬಳಿಗೆ ರೂಟ್ ಕೆನಾಲ್ ಆಗಿದೆ, ಇನ್ನೊಬ್ಬಳು ಸುಮ್ನೆ ಬಂದು ಫೋಟೋ ತೆಗೆಸಿಕೊಂಡು ಹೋಗಿದ್ದಾಳೆ. ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆ ಬೇಕಾ?

ಡಾಕ್ಟರು ಚಿಕ್ಕ ವಯಸ್ಸಿನವರು. ಮಾತಿಗೆ ಬೇಸರವಿಲ್ಲ. ಓಪಿಜಿ ನೋಡಿ ಪಕ್ಕಕ್ಕಿಟ್ಟರು. 'ಇದು ಇಡೀ ಊರಿನ ಮ್ಯಾಪ್ ಮೇಡಂ. ನಮಗೆ ಬೇಕಾಗಿರೋದು ಒಂದು ಮನೆ' ಅಂದರು. ಬಾಯೊಳಗೆ ಸಣ್ಣ ಸೆನ್ಸರ್ ಇಟ್ಟು ತೆಗೆಯುವ ಆರ್‌ವಿಜಿಯಲ್ಲಿ ಒಂದೆರಡು ಹಲ್ಲು ಮಾತ್ರ ಬರುತ್ತದೆ, ಆದರೆ ಬೇರಿನ ತುದಿ ಸ್ಪಷ್ಟ. ಸೆನ್ಸರನ್ನು ಬೆರಳಿನಿಂದ ಹಿಡಿಸಲಿಲ್ಲ. ಕಚ್ಚಿ ಹಿಡಿಯುವ ಹೋಲ್ಡರ್ ಕೊಟ್ಟರು. ನಾಲಿಗೆಯ ಪಕ್ಕ ಚುಚ್ಚುತ್ತದೆ, ವಾಕರಿಕೆ ಬರುತ್ತದೆ. ಯಾಕೆ ಈ ಹಿಂಸೆ ಅಂದರೆ, ಪ್ರತಿ ಸಲವೂ ಒಂದೇ ಕೋನದಲ್ಲಿ ಬರಬೇಕಂತೆ. ಕಿರಣ ಬಿಡುವ ಟ್ಯೂಬ್ ಸ್ವಲ್ಪ ಮೇಲೆ ಕೆಳಗೆ ಆದರೂ ಬೇರು ಉದ್ದವಾಗಿಯೋ ಗಿಡ್ಡವಾಗಿಯೋ ಕಾಣುತ್ತದೆ, ಮಚ್ಚೆಯೂ ದೊಡ್ಡದಾಗಿಯೋ ಚಿಕ್ಕದಾಗಿಯೋ ಕಾಣುತ್ತದೆ. ಆಗ ಹೋಲಿಸಿ ಏನು ಪ್ರಯೋಜನ?

ಆಮೇಲೆ ಆರು ಚಿತ್ರಗಳನ್ನೂ ಸಾಲಾಗಿ ತೆರೆದರು. ಮೊದಲನೆಯದು ಚಿಕಿತ್ಸೆಗೆ ಮುಂಚಿನದು. ಎರಡನೆಯದರಲ್ಲಿ ಸೂಜಿಯಂಥ ಸಣ್ಣ ಫೈಲುಗಳನ್ನು ಬೇರಿನೊಳಗೆ ಇಳಿಸಿ ಉದ್ದ ಅಳೆದಿದ್ದು. ಮೂರನೆಯದು ತುಂಬುವ ಕಡ್ಡಿ ಸರಿಯಾಗಿ ಕೂರುತ್ತದಾ ಅಂತ ನೋಡಿದ್ದು. ನಾಲ್ಕನೆಯದು ತುಂಬಿದ ಕೂಡಲೇ. ಐದು ಮಾರ್ಚಿನದು, ಆರು ಇವತ್ತಿನದು. ಬಿಳಿ ಗೆರೆಯಾಗಿ ಕಾಣುವುದು ಗಟ್ಟಾ ಪರ್ಚಾ, ಮಲೇಷ್ಯಾ ಕಡೆಯ ಒಂದು ಮರದ ಹಾಲಿನಿಂದ ಮಾಡುವ ವಸ್ತು. ಆ ಗೆರೆ ಬೇರಿನ ತುದಿಗೆ 2 ಮಿಲಿಮೀಟರಿನೊಳಗೆ ಬಂದು ನಿಲ್ಲಬೇಕು, ಆದರೆ ತುದಿ ದಾಟಿ ಆಚೆ ಹೋಗಬಾರದು. ನಡುವೆ ಸಂದಿಯೂ ಇರಬಾರದು. ನನ್ನದು ಸುಮಾರು 1 ಮಿಲಿಮೀಟರ್ ಹಿಂದೆ ನಿಂತಿದೆ. ಮುಂದಿನ ಬೇರಿನಲ್ಲಿ ಎರಡು ನಾಳಗಳು. ನೇರ ತೆಗೆದರೆ ಒಂದರ ಹಿಂದೆ ಒಂದು ಅಡಗಿ ಒಂದೇ ಗೆರೆಯ ಹಾಗೆ ಕಾಣುತ್ತವೆ. ಅದಕ್ಕೆ ನಾಲ್ಕನೆಯದರ ಜೊತೆಗೇ ಟ್ಯೂಬನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆದಿದ್ದರು. ಅದನ್ನೂ ಸೇರಿಸಿದರೆ ಏಳಾಗುತ್ತದೆ, ಇರಲಿ.

ಈಗ ಮಚ್ಚೆಯ ವಿಷಯ. ಮೊದಲ ಚಿತ್ರದಲ್ಲಿ ಹಿಂದಿನ ಬೇರಿನ ತುದಿಯಲ್ಲಿ ಅದು 6 ಮಿಲಿಮೀಟರ್ ಇತ್ತು. ಮಾರ್ಚಿನಲ್ಲಿ ನಾಲ್ಕೂವರೆ. ಇವತ್ತು 2. ಅಂಚಿನಿಂದ ಒಳಗೆ ಎಳೆ ಎಳೆಯಾಗಿ ಬೂದು ಬಣ್ಣ ಹಬ್ಬಿದೆ. ಅದು ಹೊಸ ಮೂಳೆ.

ನಾನು ಕುರ್ಚಿಯಿಂದ ಅರ್ಧ ಎದ್ದೇ ನೋಡಿದೆ. ನಮ್ಮ ಕೆಲಸದಲ್ಲೂ ಹಾಗೇ ಅಲ್ವಾ. ಎರಡನೇ ಪ್ರೂಫ್ ಮಾತ್ರ ಕೈಗೆ ಕೊಟ್ಟರೆ ಬರೀ ತಪ್ಪುಗಳೇ ಕಣ್ಣಿಗೆ ಬೀಳುತ್ತವೆ. ಮೊದಲನೇ ಪ್ರೂಫ್ ಪಕ್ಕದಲ್ಲಿದ್ದರೆ ತಾನೇ ಎಷ್ಟು ತಿದ್ದಿದ್ದಾರೆ ಅಂತ ಗೊತ್ತಾಗೋದು.

'ಹಾಗಾದ್ರೆ ಅವರು ಹೇಳಿದ್ದು ಸುಳ್ಳಾ?' ಅಂತ ಕೇಳಿದೆ.

'ಕಪ್ಪು ಇರೋದು ನಿಜ ಮೇಡಂ. ಅದು ಬರ್ತಾ ಇದೆಯೋ ಹೋಗ್ತಾ ಇದೆಯೋ ಒಂದೇ ಫೋಟೋದಲ್ಲಿ ಹೇಗೆ ಗೊತ್ತಾಗುತ್ತೆ?'

ಬೇರಿನೊಳಗಿನ ಸೋಂಕು ತುದಿಯಿಂದ ಆಚೆ ಸೋರಿದಾಗ ಸುತ್ತಲಿನ ಮೂಳೆ ಕರಗುತ್ತದೆ. ಮೂಳೆ ಇಲ್ಲದ ಕಡೆ ಕಿರಣ ಸಲೀಸಾಗಿ ದಾಟುವುದರಿಂದ ಕಪ್ಪು. ಒಳಗೆ ಕ್ಲೀನಾದರೂ ಮೂಳೆ ತುಂಬಿಕೊಳ್ಳಲು ತಿಂಗಳುಗಳು ಬೇಕು. ಕೆಲವರಿಗೆ ನಾಲ್ಕು ವರ್ಷದವರೆಗೂ ಕಾದು ನೋಡುತ್ತಾರಂತೆ. ಕೆಲವೊಮ್ಮೆ ಬರೀ ಗಾಯದ ಕಲೆಯ ಹಾಗೆ ಸಣ್ಣ ಗುರುತು ಉಳಿದುಬಿಡುವುದೂ ಉಂಟು. ಇದರ ಉಲ್ಟಾ ಕೇಳಿ ನನಗೆ ಸ್ವಲ್ಪ ಹೆದರಿಕೆಯಾಯಿತು. ಮೂಳೆ ಸಾಕಷ್ಟು ಕರಗುವ ತನಕ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಹಲ್ಲು ನೋಯದೆಯೂ ಇರಬಹುದು. ಸೆಪ್ಟೆಂಬರಿನ ನನ್ನ ಸೋಮಾರಿತನ ನೆನಪಾಯಿತು.

ಇವರು ಸುಮ್ಮನಿರುವವರಲ್ಲ. 'ಡಾಕ್ಟ್ರೇ, ತ್ರೀಡಿ ಸ್ಕ್ಯಾನೇ ಮಾಡಿಸಿಬಿಟ್ರೆ?' ಅಂದರು. ಜಯನಗರದಲ್ಲಿ ಸಿಬಿಸಿಟಿ ಅನ್ನೋ ಆ ತ್ರೀಡಿ ಸ್ಕ್ಯಾನಿನ ಸೆಂಟರಿನ ಬೋರ್ಡ್ ನೋಡಿದಾಗಿನಿಂದ ಅವರಿಗೆ ಅದೇ ಹುಚ್ಚು.

'ಬೇಡ ಸರ್. ಮಾಡಿಸಿದ್ರೂ ನಾನು ಮಾಡೋ ಕೆಲಸ ಬದಲಾಗಲ್ಲ' ಅಂದರು. ಆ ಉತ್ತರ ನನಗೆ ತುಂಬ ಹಿಡಿಸಿತು. ಸಿಬಿಸಿಟಿಯಲ್ಲಿ ಹಲ್ಲನ್ನು ಹೋಳು ಹೋಳಾಗಿ ನೋಡಬಹುದು, ತಪ್ಪಿಹೋದ ನಾಳವೂ ಸಿಗುತ್ತದೆ. ಆದರೆ ಕ್ಯಾಪಿನ ಲೋಹ, ತುಂಬಿದ ಗಟ್ಟಾ ಪರ್ಚಾ ಎರಡೂ ಬಿಳಿ ಕಪ್ಪು ಪಟ್ಟಿಗಳನ್ನು ಎಳೆದುಬಿಡುತ್ತವೆ. ಇಲ್ಲದ ಬಿರುಕು ಇದ್ದ ಹಾಗೆ ಕಾಣುತ್ತದೆ, ಇರೋದು ಮುಚ್ಚಿಹೋಗುತ್ತದೆ. ವಿಕಿರಣವೂ ಎಷ್ಟೋ ಪಟ್ಟು ಜಾಸ್ತಿ. ಬಾಯೊಳಗಿನ ಒಂದು ಡಿಜಿಟಲ್ ಎಕ್ಸ್‌ರೇ ಅಂದರೆ, ನಾವು ಸುಮ್ಮನೆ ಮನೆಯಲ್ಲಿ ಕೂತರೂ ನೆಲದಿಂದ ಆಕಾಶದಿಂದ ಒಂದು ದಿನದಲ್ಲಿ ಬೀಳುವಷ್ಟು, ಅದರ ಆಸುಪಾಸು. ಊತ ಬಂದರೆ, ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದರೆ, ಮಚ್ಚೆ ದೊಡ್ಡದಾಗುತ್ತಾ ಹೋದರೆ ಆಗ ನಾನೇ ಸ್ಕ್ಯಾನಿಗೆ ಬರೆದುಕೊಡುತ್ತೇನೆ ಅಂದರು ಡಾಕ್ಟರು. ಇವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಮನೆಗೆ ಬಂದು ನೆಟ್‌ನಲ್ಲಿ ಓದುತ್ತಾ ಕೂತೆ. ರಾಂಟ್‌ಗನ್ ಎಕ್ಸ್‌ರೇ ಕಂಡುಹಿಡಿದಿದ್ದು 1895ರ ನವೆಂಬರ್ 8ರಂದು. ಹತ್ತು ದಿನದ ಹಿಂದೆಯಷ್ಟೇ 130 ವರ್ಷ ತುಂಬಿದೆ. ಮರುವರ್ಷವೇ ಜರ್ಮನಿಯ ಹಲ್ಲಿನ ಡಾಕ್ಟರ್ ಒಟ್ಟೋ ವಾಲ್ಕ್‌ಹಾಫ್ ತನ್ನ ಬಾಯಿಗೇ ಗಾಜಿನ ಫೋಟೋ ಪ್ಲೇಟ್ ತುಂಡು ಇಟ್ಟುಕೊಂಡು ಚಿತ್ರ ತೆಗೆಸಿಕೊಂಡ. ಅಲುಗಾಡದೆ 25 ನಿಮಿಷ! ನಾನು ಹೋಲ್ಡರ್ ಕಚ್ಚಿದ್ದು ಒಂದು ನಿಮಿಷವೂ ಇರಲಿಲ್ಲ, ಅದಕ್ಕೇ ಅಷ್ಟು ಗೊಣಗಿದ್ದೆ.

ಆರು ಚಿತ್ರಗಳನ್ನೂ ವಾಟ್ಸಾಪಿನಲ್ಲಿ ತರಿಸಿಕೊಂಡಿದ್ದೇನೆ. ಒಂದೊಂದಕ್ಕೂ ತಾರೀಖು, ಯಾವ ಹಲ್ಲು ಅಂತ ಹೆಸರು ಕೊಟ್ಟು ಫೋನಿನಲ್ಲಿ ಬೇರೆ ಫೋಲ್ಡರ್ ಮಾಡಿದೆ. ಇಬ್ಬರು ಲಕ್ಷ್ಮಿಯರನ್ನೂ ಒಂದು ಮಾಡಿಸಿ ಬಂದೆ. ಮುಂದಿನ ಫೋಟೋ 2026ರ ನವೆಂಬರಿಗೆ.

ಬರುವಾಗ ಇವರು ಪರಿಷೆಯಲ್ಲಿ ಎರಡು ಸೇರು ಕಡಲೆಕಾಯಿ ತಂದರು. ಸಂಜೆ ಉಪ್ಪು ಹಾಕಿ ಬೇಯಿಸಿದೆ. ಬಲಗಡೆಯೇ ಜಗಿಯುತ್ತಿದ್ದೆ, ಹದಿನಾಲ್ಕು ತಿಂಗಳ ಅಭ್ಯಾಸ. ಇವರು ನೀರು ತರಲು ಒಳಗೆ ಹೋದಾಗ ಎಡಗಡೆಗೆ ಒಂದು ಕಾಳು ದಾಟಿಸಿ ನೋಡಿದೆ. ಆಮೇಲೆ ಇನ್ನೆರಡು.