‘ಒಂದು ಒಳ್ಳೆ ಪುಸ್ತಕ ಹೇಳಿ’ ಅನ್ನುವವರಿಗೆ

ನಾನು ಶಿರಸಿಯ ಒಂದು ಗ್ರಂಥಾಲಯದ ಕೌಂಟರಿನಲ್ಲಿ ಕೂರುವವಳು. ಪುಸ್ತಕ ಕೊಡುವುದು, ವಾಪಸ್ ತಗೊಳ್ಳುವುದು, ಕೊನೆ ಪುಟಕ್ಕೆ ಅಂಟಿಸಿದ ಚೀಟಿಯ ಮೇಲೆ ತಾರೀಕಿನ ಸೀಲ್ ಹೊಡೆಯುವುದು ನನ್ನ ಕೆಲಸ. ಆದರೆ ಜನ ನನ್ನ ಹತ್ತಿರ ಜಾಸ್ತಿ ಕೇಳುವುದು ಒಂದೇ ಮಾತು: “ಎಂತ ಓದಲಿ? ನಿಮಗೆ ಇಷ್ಟ ಆಗಿದ್ದು ಒಂದು ಹೇಳಿ.” ಈಚೆಗೆ ಇದಕ್ಕೆ ಬಾಲ ಬೆಳೆದಿದೆ. “ಕೇಳಲಿಕ್ಕೆ ಎಂತ ಚೆನ್ನಾಗಿದೆ? ಮೊಬೈಲಲ್ಲಿ ನೋಡುವಂಥದ್ದು ಏನಾದರೂ ಉಂಟಾ?” ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ, ಕುಮಟಾ ಬಸ್ಸಿನಲ್ಲೂ ಕೇಳುತ್ತಾರೆ. ಎಲ್ಲರಿಗೂ ನಿಂತಲ್ಲೇ ಸರಿಯಾಗಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬರೀ ಹೆಸರು ಹೇಳಿ ಕಳಿಸುವುದಿಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನೂ ಹೇಳುತ್ತೇನೆ. ಈ ಪುಸ್ತಕದಲ್ಲಿ ಈ ಅಧ್ಯಾಯ ಮೊದಲು. ಈ ವಿಡಿಯೋದಲ್ಲಿ ಇಲ್ಲಿಂದ ನೋಡಿ. ನನ್ನ ಮಟ್ಟಿಗೆ ಸಲಹೆ ಕೊಡುವುದು ಅಂದರೆ ಇದೇ.

ಯಾಕೆ ಅಂತ ಹೇಳುತ್ತೇನೆ. ವಾಪಸ್ ಬಂದ ಪುಸ್ತಕವನ್ನು ನಾನು ಒಮ್ಮೆ ತಿರುವಿ ನೋಡುತ್ತೇನೆ. ಒಳಗೆ ಏನಾದರೂ ಉಳಿದಿರುತ್ತದೆ. ಬಸ್ ಟಿಕೆಟ್, ಔಷಧಿ ಅಂಗಡಿಯ ಚೀಟಿ, ಒಣಗಿದ ವೀಳ್ಯದೆಲೆ. ಗುರುತಿಗೆ ಇಟ್ಟಿದ್ದು ಅಲ್ಲೇ ಸಿಕ್ಕಿಕೊಂಡಿರುತ್ತದೆ. ದಪ್ಪ ಪುಸ್ತಕವಾದರೆ ಅದು ಬಹಳ ಸಲ ಮೊದಲ ಮೂವತ್ತು ಪುಟದೊಳಗೇ ಇರುತ್ತದೆ. ಯಾರೋ ದೊಡ್ಡ ಹೆಸರು ಕೇಳಿ ಆಸೆಯಿಂದ ಒಯ್ದಿದ್ದಾರೆ, ಒಂದು ರಾತ್ರಿ ಕೂತಿದ್ದಾರೆ, ಅಲ್ಲಿಗೆ ನಿಂತಿದೆ. ಅವರು ವಾಪಸ್ ಕೊಡುವಾಗ “ಚಲೋ ಇತ್ತು” ಅನ್ನುತ್ತಾರೆ. ಆದರೆ ಆಮೇಲೆ ಬಹಳ ದಿನ ಗ್ರಂಥಾಲಯದ ಕಡೆ ಬರುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೆ.

ಯಶವಂತ ಚಿತ್ತಾಲರ ವಿಷಯದಲ್ಲಿ ಇದು ಜಾಸ್ತಿ. ಅವರು 1928ರಲ್ಲಿ ನಮ್ಮದೇ ಜಿಲ್ಲೆಯ, ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದವರು. ಬದುಕು ಕಟ್ಟಿಕೊಂಡಿದ್ದು ಮುಂಬೈಯಲ್ಲಿ. ಎಲ್ಲರಿಗೂ ಗೊತ್ತಿರುವ ಹೆಸರು ‘ಶಿಕಾರಿ’, 1979ರದ್ದು. ಮುಂಬೈ ಕಂಪನಿಯ ಅಧಿಕಾರಿ ನಾಗಪ್ಪನನ್ನು ಸರಿಯಾದ ಕಾರಣ ಹೇಳದೆ ಕೆಲಸದಿಂದ ದೂರ ಇಡುತ್ತಾರೆ. ಅಲ್ಲಿಂದ ಅವನ ತಲೆಯೊಳಗೆ ಶುರುವಾಗುವ ಅನುಮಾನ, ಹೆದರಿಕೆ, ಹಳೆಯ ನೆನಪು ಎಲ್ಲ ಸೇರಿ ಕಾದಂಬರಿ. ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ. ಆದರೂ ಚಿತ್ತಾಲರನ್ನು ಓದಿಯೇ ಇಲ್ಲದವರಿಗೆ ನಾನು ಅದನ್ನು ಮೊದಲು ಕೊಡುವುದಿಲ್ಲ. ಸಣ್ಣ ಕತೆ ಕೊಡುತ್ತೇನೆ. ‘ಕತೆಯಾದಳು ಹುಡುಗಿ’ ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅದರಲ್ಲಿ ಶೀರ್ಷಿಕೆಯ ಕತೆ ಓದಿ, ಪುಸ್ತಕ ಮುಚ್ಚಿಡಿ, ಎರಡು ದಿನ ಬಿಡಿ ಅನ್ನುತ್ತೇನೆ. ಮಗಳನ್ನು ಕಳೆದುಕೊಂಡ ಅಪ್ಪನ ಕತೆ ಅದು. ಒಂದೇ ಏಟಿಗೆ ಸಂಕಲನ ಮುಗಿಸಲು ಹೋಗಬಾರದು. ಆ ಒಂದು ಕತೆ ಮನಸ್ಸಿಗೆ ಇಳಿದರೆ ಅವರೇ ಬಂದು ‘ಶಿಕಾರಿ’ ಕೇಳುತ್ತಾರೆ. ಆಗ ಬಸ್ ಟಿಕೆಟ್ ಮೊದಲ ಪುಟಗಳಲ್ಲೇ ಉಳಿಯುವುದಿಲ್ಲ.

ಗ್ರಂಥಾಲಯ ವಿಜ್ಞಾನ ಓದಿದವರಿಗೆಲ್ಲ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳು ಬಾಯಿಪಾಠ. ಅವರು 1931ರಲ್ಲೇ ಬರೆದಿದ್ದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಇವೆರಡನ್ನು ಎಲ್ಲರೂ ಹೇಳುತ್ತಾರೆ. ನನಗೆ ದಿನಾ ಉಪಯೋಗಕ್ಕೆ ಬರುವುದು ನಾಲ್ಕನೆಯದು: ಓದುಗನ ಸಮಯ ಉಳಿಸಿ. ಕಪಾಟು ಸರಿಯಾಗಿ ಜೋಡಿಸಿದರೆ ಸಮಯ ಉಳಿಯುತ್ತದೆ, ನಿಜ. ಇಡೀ ದಿನ ತೋಟದಲ್ಲಿ ದುಡಿದು ರಾತ್ರಿ ಅರ್ಧ ಗಂಟೆ ಓದಲು ಕೂರುವವರಿಗೆ ಆ ಅರ್ಧ ಗಂಟೆ ಯಾವ ಪುಟದ ಮೇಲೆ ಹೋಗಬೇಕು ಅಂತ ಹೇಳುವುದೂ ಸಮಯ ಉಳಿಸಿದ ಹಾಗೇ ಅಲ್ವಾ?

ಹೇಳುವ ಮುಂಚೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. “ಕಡೇ ಸಲ ಯಾವುದಕ್ಕೆ ನಿದ್ದೆಗೆಟ್ಟಿದ್ರಿ?” ಪುಸ್ತಕವೇ ಆಗಬೇಕಿಲ್ಲ. ಸಿನಿಮಾ, ಆಟ, ಹಾಡು, ಯಾವುದಾದರೂ ಸರಿ. “ನೀವು ಏನು ಓದಿದ್ದೀರಿ?” ಅಂತ ಕೇಳಿದರೆ ಜನ ಸಂಕೋಚ ಪಡುತ್ತಾರೆ, ಪರೀಕ್ಷೆಗೆ ಕೂತವರ ಹಾಗೆ ಆಗುತ್ತಾರೆ. ನಿದ್ದೆಗೆಟ್ಟಿದ್ದು ಕೇಳಿದರೆ ಮುಖ ಅರಳುತ್ತದೆ. ಉತ್ತರದಲ್ಲೇ ದಾರಿ ಸಿಗುತ್ತದೆ.

ಕಾಲೇಜು ಹುಡುಗರು ಹಾಡು ಅನ್ನುತ್ತಾರೆ. ‘ಮುಂಗಾರು ಮಳೆ’ ಬಂದಿದ್ದು 2006ರಲ್ಲಿ. ಇವರಲ್ಲಿ ಕೆಲವರು ಆಗ ಹುಟ್ಟಿಯೂ ಇರಲಿಲ್ಲ. ಆದರೂ ‘ಅನಿಸುತಿದೆ ಯಾಕೋ ಇಂದು’ ಇವರಿಗೆ ಬಾಯಿಗೆ ಬರುತ್ತದೆ. “ಅದನ್ನು ಬರೆದವರು ಗೋಕರ್ಣದವರು, ಕತೆ ಬರೆಯುತ್ತಾರೆ ಗೊತ್ತಾ?” ಅಂದರೆ ಬಹಳ ಮಂದಿಗೆ ಆಶ್ಚರ್ಯ. ಜಯಂತ ಕಾಯ್ಕಿಣಿಯವರ ‘ತೂಫಾನ್ ಮೇಲ್’ ಕೈಗಿಡುತ್ತೇನೆ. ಅವರ ಮುಂಬೈ ಕತೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಬಂದಿದ್ದನ್ನು ಹೇಳುವುದಿಲ್ಲ. ಪ್ರಶಸ್ತಿಯ ಹೆಸರು ಕೇಳಿದ ಕೂಡಲೇ ಹುಡುಗರಿಗೆ ಅದು ಪಠ್ಯಪುಸ್ತಕ ಅನಿಸಿಬಿಡುತ್ತದೆ. ಹಾಡಿನಲ್ಲಿ ನಿಮಗೆ ಯಾವ ಸಾಲು ಇಷ್ಟವೋ ಅಂಥ ಸಾಲು ಕತೆಯಲ್ಲೂ ಇದೆ, ಹುಡುಕಿ ಬನ್ನಿ ಅನ್ನುತ್ತೇನೆ. ಪೆನ್ಸಿಲಿನಲ್ಲಿ ಗೆರೆ ಮಾತ್ರ ಎಳೆಯಬೇಡಿ, ಚೀಟಿಯಲ್ಲಿ ಬರೆದುಕೊಳ್ಳಿ ಅಂತಲೂ ಹೇಳುತ್ತೇನೆ. ಗೆರೆ ಎಳೆದು ತಂದವರೂ ಇದ್ದಾರೆ. ಯಾವ ಸಾಲಿಗೆ ಎಳೆದರು ಅಂತ ನೋಡುವ ಆಸೆ ನನಗೂ ಇದ್ದೇ ಇದೆ.

ಇನ್ನು ಕೇಳುವುದು. ನಮ್ಮ ಕಡೆ ಇದಕ್ಕೆ ಒಂದು ಕಾಲವಿದೆ. ಅಡಿಕೆ ಕೊಯ್ಲು ಶುರುವಾದ ಮೇಲೆ ಓದುವವರು ಕಡಿಮೆಯಾಗುತ್ತಾರೆ, ಕೇಳುವವರು ಹೆಚ್ಚಾಗುತ್ತಾರೆ. ರಾತ್ರಿ ಊಟ ಮುಗಿಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತರೆ ಕೈಗೆ ಪುರಸೊತ್ತಿಲ್ಲ, ಕಣ್ಣೂ ಕತ್ತಿಯ ಮೇಲೇ ಇರಬೇಕು. ಕಿವಿ ಮಾತ್ರ ಖಾಲಿ. “ಸುಲಿಯುವಾಗ ಕೇಳಲಿಕ್ಕೆ ಎಂತಾದರೂ ಹೇಳಿ” ಅಂತ ಹೆಂಗಸರು ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಒಂದೇ, ತಾಳಮದ್ದಳೆ. ಯಕ್ಷಗಾನದ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದ ಮಾಡುತ್ತಾರೆ, ಆ ಮಾತಿಗೇ ‘ಅರ್ಥ’ ಅನ್ನುವುದು. ನೋಡದಿದ್ದರೂ ಏನೂ ತಪ್ಪಿಹೋಗುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಕೆರೆಮನೆ ಶಂಭು ಹೆಗಡೆಯವರ ಅರ್ಥ ಹುಡುಕಿ ಅಂತ ಚೀಟಿ ಬರೆದು ಕೊಡುತ್ತೇನೆ. ನಮ್ಮಲ್ಲಿ ಕ್ಯಾಸೆಟ್ ಸಿಡಿ ಏನೂ ಇಲ್ಲ, ಆದರೆ ಈಗ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ.

ಮೊದಲ ಬಾರಿ ಕೇಳುವವರು ಪೀಠಿಕೆಯಿಂದ ಶುರು ಮಾಡಿದರೆ ತೂಕಡಿಸುತ್ತಾರೆ. ಅವರಿಗೆ ‘ವಾಲಿ ಮೋಕ್ಷ’ದ ಕೊನೆಯ ಭಾಗ. ಎದೆಗೆ ಬಾಣ ನೆಟ್ಟಿದೆ. ಬಿದ್ದಲ್ಲಿಂದಲೇ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನಿನಗೂ ನನಗೂ ಎಂತ ಜಗಳ ಇತ್ತು? ಸೀತೆಯನ್ನು ತರುವುದೇ ಆದರೆ ನನ್ನನ್ನೇ ಕೇಳಬಹುದಿತ್ತಲ್ಲ? ಒಳ್ಳೆ ಅರ್ಥಧಾರಿ ಸಿಕ್ಕರೆ ಈ ಪ್ರಶ್ನೆಗಳು ಮನೆ ಮಂದಿಯನ್ನು ಎರಡು ಪಕ್ಷ ಮಾಡುತ್ತವೆ. ಅತ್ತೆ ರಾಮನ ಕಡೆ, ಸೊಸೆ ವಾಲಿಯ ಕಡೆ. ಮರುದಿನವೂ ಮಾತು ಮುಂದುವರಿಯುತ್ತದೆ. ಹಾಗೆ ಮಾತಾಡಿಕೊಂಡೇ ಬಂದವರು ರಾಮಾಯಣ ಒಯ್ದಿದ್ದಾರೆ, ವಾಲ್ಮೀಕಿ ನಿಜವಾಗಿ ಏನು ಹೇಳಿದ ಅಂತ ನೋಡಲಿಕ್ಕೆ. ಕಿಷ್ಕಿಂಧಾ ಕಾಂಡ ಯಾವ ಸಂಪುಟದಲ್ಲಿದೆ ಅಂತ ಹೇಳುವಾಗ ನನಗೆ ಆಗುವ ಖುಷಿ ದೊಡ್ಡದು.

ವಿಡಿಯೋ ಅಂದರೆ ನಾನು ಮೊದಲು ಹೇಳುವುದು ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ. ಅವರು ಹೊನ್ನಾವರ ತಾಲೂಕಿನವರು, 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ನಮ್ಮ ಕಡೆಯ ಹಿರಿಯರು ರಾತ್ರಿಯಿಡೀ ಕೂತು ನೋಡಿದವರು. ಅವರಿಗೆ ನಾನು ಹೇಳುವುದೇನೂ ಇಲ್ಲ. ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳಿಗೆ ಹೇಳುತ್ತೇನೆ: ಮೋಹಿನಿ ಬರುವಲ್ಲಿಂದ ನೋಡಿ. ಅವಳು ಕುಣಿದ ಹಾಗೆ ಅವನೂ ಕುಣಿಯಬೇಕು, ಅದು ಕರಾರು. ಬಲದ ಸೊಕ್ಕು ಮೋಹವಾಗಿ, ಮೋಹ ಮೈಮರೆವಾಗಿ ಬದಲಾಗುವುದನ್ನು ಚಿಟ್ಟಾಣಿಯವರ ಕಣ್ಣಿನಲ್ಲಿ ನೋಡಬೇಕು. ಕೈ ತನ್ನ ತಲೆಯ ಮೇಲೆ ಹೋಗುವ ಹೊತ್ತಿಗೆ ನಮಗೇ ‘ಬೇಡ’ ಅನ್ನಬೇಕು ಅನಿಸುತ್ತದೆ. ಕತೆ ಗೊತ್ತಿದ್ದೂ ಹಾಗೆ ಅನಿಸುತ್ತದೆ.

“ಹಿಂದೂಸ್ತಾನಿ ಸಂಗೀತ ನಮಗೆ ಅರ್ಥ ಆಗೂದಿಲ್ಲ” ಅನ್ನುವವರಿಗೆ ಕಚೇರಿಯನ್ನು ಹಿಂದಿನಿಂದ ಕೇಳಲು ಹೇಳುತ್ತೇನೆ. ಕೊನೆಯಲ್ಲಿ ಹಾಡುವ ವಚನ, ದಾಸರ ಪದ ಮೊದಲು. ಅಲ್ಲಿ ಮಾತು ಗೊತ್ತಿರುತ್ತದೆ, ಆದ್ದರಿಂದ ಧ್ವನಿ ಏನು ಮಾಡುತ್ತಿದೆ ಅಂತ ಗಮನ ಕೊಡಬಹುದು. ಮಲ್ಲಿಕಾರ್ಜುನ ಮನಸೂರರ ವಚನ ಗಾಯನ ಕೇಳಿದ ಮೇಲೆ ರಾಗವನ್ನು ನಿಧಾನಕ್ಕೆ ಬೆಳೆಸಿ ಹಾಡುವ ಅವರ ಖಯಾಲ್ ಅಷ್ಟು ದೂರ ಅನಿಸುವುದಿಲ್ಲ. ನಮ್ಮ ಜಿಲ್ಲೆಯವರೇ ಬೇಕು ಅಂದರೆ ಯಲ್ಲಾಪುರ ಕಡೆಯ ಹಾಸಣಗಿ ಗಣಪತಿ ಭಟ್ಟರು ಇದ್ದಾರೆ, ಬಸವರಾಜ ರಾಜಗುರು ಅವರ ಶಿಷ್ಯರು.

ಅಂಕೋಲಾದ ಸುಕ್ರಿ ಬೊಮ್ಮಗೌಡರ ಹಾಡುಗಳನ್ನೂ ಹೇಳುತ್ತೇನೆ. ಹಾಲಕ್ಕಿ ಒಕ್ಕಲಿಗರ ಹಾಡುಗಳ ದೊಡ್ಡ ಭಂಡಾರ ಅವರ ನೆನಪಿನಲ್ಲಿತ್ತು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ಹೋದರು. ಆ ಹಾಡುಗಳು ಒಂದೂ ಕಪಾಟಿನಲ್ಲಿ ಇರಲಿಲ್ಲ, ಒಬ್ಬ ಹೆಂಗಸಿನ ಗಂಟಲಿನಲ್ಲಿದ್ದವು. ಧ್ವನಿಮುದ್ರಣ ಉಳಿದಿರುವುದು ನಮ್ಮ ಪುಣ್ಯ. ಮೊದಲ ಸಲ ಪದ ಪದಕ್ಕೆ ಅರ್ಥ ಹುಡುಕಬೇಡಿ, ಧಾಟಿ ಕೇಳಿ, ಸಾಕು.

ಮಕ್ಕಳು ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರು ನಮ್ಮಲ್ಲಿ ಬಹಳ. ಅವರಿಗೆ ಹೊನ್ನಾವರದ ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’. ಎಲ್ಲಿಂದ ತೆರೆದರೂ ನಡೆಯುತ್ತದೆ. ಪುಟ್ಟ ಮಕ್ಕಳಿಗೆ ದಿನಕರ ದೇಸಾಯಿ. ಗಡಿಯಾರದ ಪದ್ಯ ಅವರಿಗೆ ಶಾಲೆಯಲ್ಲೇ ಬಂದಿರುತ್ತದೆ, ಅದರ ಆಚೆ ಈಚೆ ಇರುವುದನ್ನು ಅಜ್ಜ ಗಟ್ಟಿಯಾಗಿ ಓದಬೇಕು. ದೊಡ್ಡವರಿಗೆ ಅವರ ಚುಟುಕ. ನಾಲ್ಕೇ ಸಾಲು. ಕಣ್ಣು ಮಂಜಾದವರೂ ಓದಬಹುದು.

ಕಾರವಾರದವರು ಸಿಕ್ಕರೆ ರವೀಂದ್ರನಾಥ ಠಾಕೂರರ ‘ಜೀವನಸ್ಮೃತಿ’ಯ ಕಾರವಾರದ ಅಧ್ಯಾಯ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಆಸುಪಾಸಿನ ತಮ್ಮ ಬಂದು ಉಳಿದರು, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋದರು, ಒಂದು ನಾಟಕವನ್ನೂ ಅಲ್ಲೇ ಬರೆದರು. ಕಡಲತೀರಕ್ಕೆ ಅವರ ಹೆಸರಿದೆ ಅಂತ ಎಲ್ಲರಿಗೂ ಗೊತ್ತು. ಆ ಕೆಲವು ಪುಟ ಓದಿದವರು ಕಡಿಮೆ. ಇಡೀ ಪುಸ್ತಕ ಆಮೇಲೆ ಓದಬಹುದು, ಮೊದಲು ನಿಮ್ಮ ಊರಿನ ಪುಟ ಓದಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಿಗ್ಗೆ ಬಂದರೆ ಸಂಜೆವರೆಗೆ ಕೂರುತ್ತಾರೆ. ಅವರಿಗೆ ನಾನಾಗಿ ಏನೂ ಹೇಳಲು ಹೋಗುವುದಿಲ್ಲ, ಅವರ ತಲೆ ಆಗಲೇ ತುಂಬಿರುತ್ತದೆ. ಕೇಳಿದರೆ ಒಂದು ಸಣ್ಣ ಕತೆ ತೋರಿಸುತ್ತೇನೆ, ಊಟದ ಬಿಡುವಿನಲ್ಲಿ ಮುಗಿಯುವಂಥದ್ದು.

ಎರಡು ವಿಷಯದಲ್ಲಿ ನಾನು ಗಟ್ಟಿ. ನಾನು ಓದದ್ದನ್ನು, ಕೇಳದ್ದನ್ನು ‘ಚೆನ್ನಾಗಿದೆಯಂತೆ’ ಅಂತ ಹೇಳುವುದಿಲ್ಲ. “ನಾನು ಓದಿಲ್ಲ, ನೀವು ಓದಿ ಹೇಳಿ” ಅನ್ನುತ್ತೇನೆ. ಹಾಗೆಯೇ ‘ಓದಲೇಬೇಕಾದ ನೂರು ಪುಸ್ತಕ’ ಅನ್ನುವಂಥ ಪಟ್ಟಿ ಕೇಳಿದರೆ ಕೊಡುವುದಿಲ್ಲ. ಪಟ್ಟಿ ನೋಡಿದವರು ಸಾಲ ತೀರಿಸುವವರ ಮುಖ ಮಾಡಿಕೊಳ್ಳುತ್ತಾರೆ.

ಕೊಟ್ಟಿದ್ದು ಹಿಡಿಸಲಿಲ್ಲ ಅಂದರೆ ದಯವಿಟ್ಟು ಬಂದು ಹೇಳಿ. ಸುಮ್ನೆ ಪುಸ್ತಕ ಇಟ್ಟು ಹೋಗಬೇಡಿ. ಎಲ್ಲಿ ಬಿಟ್ಟಿರಿ, ಯಾಕೆ ಬೇಸರ ಬಂತು, ಮಾತು ಉದ್ದವಾಯಿತಾ, ದುಃಖ ಜಾಸ್ತಿಯಾಯಿತಾ? ಅಷ್ಟು ಗೊತ್ತಾದರೆ ಮುಂದಿನದ್ದನ್ನು ನಾನು ಸರಿಯಾಗಿ ಆರಿಸಿ ಕೊಡುತ್ತೇನೆ. ಮಧ್ಯಾಹ್ನದ ಊಟದ ನಂತರ ಬಂದರೆ ಕೌಂಟರಿನಲ್ಲಿ ಗಲಾಟೆ ಕಡಿಮೆ, ಕೂತು ಮಾತಾಡಬಹುದು.