ಕಾಕಾನ ಪಾಕೆಟ್ ಡೈರಿ ಮತ್ತು ಒಂದು ಹಳೇ ಬೇಲರ್

14 ಡಿಸೆಂಬರ್ 2025, ಭಾನುವಾರ
ಕಾರಟಗಿ

ಬೆಳಿಗ್ಗೆ ಆರೂವರೆಗೆಲ್ಲ ಭಾವ ದಾವಣಗೆರೆಯಿಂದ ಬಂದಿಳಿದರು. ಮುಖ ತೊಳೆಯುವ ಮೊದಲೇ ಫೋನು ತೆಗೆದು ಫೋಟೋ ತೋರಿಸಿದರು. ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾರಾಟಕ್ಕಿರುವ ಬೇಲರ್, ಅಂದರೆ ನೆಲ್ಲುಹುಲ್ಲನ್ನು ಒತ್ತಿ ಚೌಕ ಪೆಂಡಿ ಕಟ್ಟುವ ಮಷಿನ್, 2019ರ ಮಾಡಲ್. "ಅವರು ಐದು ಲಕ್ಷ ಅಂತಾರೆ. ದಲ್ಲಾಳಿ ಎರಡೂಕಾಲಕ್ಕೆ ಬಿಡಿಸಿಕೊಡ್ತೀನಿ ಅಂತಾನೆ. ಇದರಾಗೆ ಯಾವುದು ಸರಿ ಅಂತ ನನಗೆ ತಿಳಿಯಂಗಿಲ್ಲ, ನೀನೇ ಬಂದು ನೋಡಪ್ಪ" ಅಂದರು.

ದಲ್ಲಾಳಿ ಅಷ್ಟು ಕಡಿಮೆ ಹೇಳಲು ಏನು ಕಾರಣ ಅಂತ ನನಗೆ ಗೊತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ಈ ಸಲ ಎರಡನೇ ಬೆಳೆಯ ನೀರಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಈಗ 33 ಗೇಟುಗಳನ್ನೂ ಬದಲಿಸುವ ಕೆಲಸ. ಬೇಸಿಗೆ ನೆಲ್ಲು ಇಲ್ಲ ಅಂದಮೇಲೆ ಹುಲ್ಲೂ ಇಲ್ಲ, ಬೇಲರಿಗೆ ದುಡಿಮೆಯೂ ಇಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಗಂಗಾವತಿಯಿಂದ ಮಾನ್ವಿವರೆಗೆ ಎಲ್ಲಿ ನೋಡಿದರೂ ಬೇಲರ್ ಮಾರಾಟಕ್ಕಿವೆ. 2023ರ ಬರದಲ್ಲೂ ಹೀಗೇ ಆಗಿತ್ತು. ಆಗ ಎರಡು ಲಕ್ಷಕ್ಕೆ ಮಾರಿಬಿಟ್ಟ ಒಬ್ಬ ಹುಡುಗ ಮುಂದಿನ ವರ್ಷ ಅಂಥದ್ದೇ ಮಷಿನ್ನನ್ನು ನಾಲ್ಕು ಲಕ್ಷ ಕೊಟ್ಟು ಹುಡುಕಿದ. ಆ ಸಂಕಟ ಕಣ್ಣಾರೆ ಕಂಡವನು ನಾನು.

ಭಾವನ ಊರಿನದು ಭದ್ರಾ ನೀರು. ಅಲ್ಲಿ ಡ್ಯಾಮ್ ತುಂಬಿದೆ, ಬೇಸಿಗೆ ಬೆಳೆ ಆಗುವ ನಂಬಿಕೆ ಇದೆ. ಇಲ್ಲಿ ಶೆಡ್ಡಿನಲ್ಲಿ ನಿಂತಿರುವ ಮಷಿನ್ ಅಲ್ಲಿ ಏಪ್ರಿಲ್‌ನಲ್ಲಿ ದುಡಿಯುತ್ತದೆ. ದಾರಿಯಲ್ಲೇ ಭಾವನಿಗೆ ಹೇಳಿದೆ: "ನಿಮಗೆ ಅದು ಎಷ್ಟು ದುಡಿದು ಕೊಡ್ತದೆ ಅನ್ನೋದರ ಮೇಲೆ ಬೆಲೆ ಕಟ್ಟೋಣ. ಅವರ ಕಷ್ಟದ ಮೇಲೆ ಬೇಡ." ಭಾವ ಸುಮ್ಮನೆ ತಲೆ ಆಡಿಸಿದರು.

ಮಷಿನ್ನಿಗೆ ಹೊಸ ಬಣ್ಣ ಬಳಿದಿರಲಿಲ್ಲ. ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನ. ಮಾರುವ ಹಿಂದಿನ ವಾರ ಬಣ್ಣ ಹೊಡೆಸಿದ್ದರೆ ಬೆಸುಗೆ ಹಾಕಿದ ಜಾಗ, ಸೀಳು, ಎಣ್ಣೆ ಸೋರಿದ ಗುರುತು ಎಲ್ಲ ಮುಚ್ಚಿಹೋಗುತ್ತವೆ. ಟ್ರ್ಯಾಕ್ಟರ್ ಆಫ್ ಮಾಡಿಸಿ, ಟಾರ್ಚ್ ಹಿಡಿದು ಪೆಂಡಿ ಬರುವ ಡಬ್ಬಿಯೊಳಗೆ ತಲೆ ಹಾಕಿದೆ. ದುಡಿಯುವ ಬೇಲರಿನ ಡಬ್ಬಿ ಒಳಗೆ ತಿಕ್ಕಿದ ಕೊಡದ ಹಾಗೆ ಹೊಳೆಯುತ್ತಿರುತ್ತದೆ. ಇದರ ಎರಡು ಪಕ್ಕ ಹೊಳೆಯುತ್ತಿದ್ದವು, ತಳದ ತಗಡಿನಲ್ಲಿ ಮಾತ್ರ ಅಂಗೈಯಗಲ ತುಕ್ಕಿನ ಗುಳಿಗಳು. ಯಾವುದೋ ವರ್ಷ ಒಳಗೆ ಹುಲ್ಲು ಹಾಗೇ ಬಿಟ್ಟು ನಿಲ್ಲಿಸಿದ್ದಾರೆ, ಅದು ತೇವ ಹಿಡಿದು ತಗಡು ತಿಂದಿದೆ. ಬೆರಳಿನಿಂದ ಒತ್ತಿ ನೋಡಿದೆ, ಗಟ್ಟಿ ಇತ್ತು.

ಆಮೇಲೆ ಫ್ಲೈವೀಲಿನ (ಮಷಿನ್ನಿನ ಭಾರದ ಚಕ್ರದ) ಶಿಯರ್ ಬೋಲ್ಟ್. ಇದನ್ನು ನೋಡದೆ ಯಾರೂ ಹಳೇ ಬೇಲರ್ ಕೊಳ್ಳಬಾರದು. ಒಳಗೆ ಕಲ್ಲೋ ಕಟ್ಟಿಗೆಯೋ ಸಿಕ್ಕಾಗ ಮುರಿಯುವುದೇ ಆ ಬೋಲ್ಟಿನ ಕೆಲಸ. ಅದು ಮುರಿದರೆ ಗೇರ್ ಬಾಕ್ಸ್ ಉಳಿಯುತ್ತದೆ. ಪದೇ ಪದೇ ಮುರಿಯುತ್ತದೆ ಅಂತ ಬೇಸತ್ತು ಕೆಲವರು ಅಲ್ಲಿ ಗಟ್ಟಿ ಬೋಲ್ಟ್ ಹಾಕಿಬಿಡುತ್ತಾರೆ. ಹಾಗೆ ಮಾಡಿದ ಮಷಿನ್ನು ಹೊರಗಿನಿಂದ ಎಷ್ಟೇ ಚಂದ ಕಾಣಲಿ, ನಾನು ಗುಜರಿ ರೇಟು ಹೇಳಿ ಬರುತ್ತೇನೆ. ಇಲ್ಲಿ ಸರಿಯಾದ ಬೋಲ್ಟೇ ಇತ್ತು, ಪಕ್ಕದ ಡಬ್ಬಿಯಲ್ಲಿ ಅಂಥವೇ ಇನ್ನೂ ಐದು.

ಈಗ ಗಂಟಿನ ವಿಷಯ. ಚೌಕ ಬೇಲರಿನ ಜೀವ ಇರುವುದೇ ನಾಟರಿನಲ್ಲಿ, ಅಂದರೆ ದಾರಕ್ಕೆ ಗಂಟು ಹಾಕುವ ಭಾಗದಲ್ಲಿ. ಫ್ಲೈವೀಲನ್ನು ಕೈಯಿಂದಲೇ ನಿಧಾನ ತಿರುಗಿಸಿದರೆ ಎಲ್ಲ ಕಣ್ಣಿಗೆ ಬೀಳುತ್ತದೆ: ಸೂಜಿಗಳು ಕೆಳಗಿನಿಂದ ದಾರ ಎತ್ತಿಕೊಂಡು ಬರುತ್ತವೆ, ಹಕ್ಕಿಯ ಕೊಕ್ಕಿನಂಥ ಒಂದು ತುಂಡು ಕಬ್ಬಿಣ ಸುತ್ತು ಹಾಕಿ, ಬಾಯಿ ತೆರೆದು, ದಾರ ಕಚ್ಚಿಕೊಂಡು ಗಂಟು ಎಳೆಯುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ಆಪಲ್‌ಬಿ ಎಂಬಾತ 1870ರ ದಶಕದಲ್ಲಿ ಗೋಧಿಯ ಸಿವುಡು ಕಟ್ಟಲು ತಯಾರಿಸಿದ ಗಂಟಿನ ಯಂತ್ರದಲ್ಲಿ ಇದೇ ಕೊಕ್ಕಿತ್ತು. ಸಾವಿರ ಸಲ ನೋಡಿದ್ದೇನೆ, ಇವತ್ತೂ ಎರಡು ಸಲ ಸುಮ್ಮನೆ ನೋಡಬೇಕೆಂದೇ ತಿರುಗಿಸಿದೆ.

ಬಲಗಡೆಯ ಕೊಕ್ಕು ಚೆನ್ನಾಗಿತ್ತು. ಎಡಗಡೆಯದರ ಬೆನ್ನಿನಲ್ಲಿ ದಾರ ಉಜ್ಜಿ ಗೀರು ಬಿದ್ದಿತ್ತು. ಬಣವಿಯಿಂದ ಹುಲ್ಲು ಎಳೆದು ಹಾಕಿಸಿ, ಟ್ರ್ಯಾಕ್ಟರಿನಿಂದ ಬೇಲರನ್ನು ತಿರುಗಿಸುವ ಶಾಫ್ಟನ್ನು (ಪಿಟಿಒ) ನಿಮಿಷಕ್ಕೆ 540 ಸುತ್ತಿಗೆ ಇಟ್ಟು, ಹತ್ತು ಪೆಂಡಿ ಕಟ್ಟಿಸಿದೆ. ಏಳು ನೆಟ್ಟಗೆ ಬಂದವು. ಮೂರರಲ್ಲಿ ಎಡಗಡೆ ದಾರ ಬಿಚ್ಚಿತು. ಬಿಚ್ಚಿದ ದಾರದ ತುದಿ ಎಳೆಎಳೆಯಾಗಿತ್ತು, ಅಂದರೆ ದಾರ ಕತ್ತರಿಸುವ ಚಾಕುವೂ ಮೊಂಡು. ಇವು ದುಡ್ಡು ಕೊಟ್ಟರೆ ಸರಿಹೋಗುವ ದೋಷಗಳು. ಲೆಕ್ಕಕ್ಕೆ ಬರೆದುಕೊಂಡೆ.

ಇನ್ನು ಎಷ್ಟು ದುಡಿದಿದೆ ಅನ್ನುವ ಪ್ರಶ್ನೆ. ಪೆಂಡಿ ಎಣಿಸುವ ಮೀಟರಿನಲ್ಲಿ 1,12,400 ಇತ್ತು. ಮಾರುವವರ ಮಗ ಅಷ್ಟನ್ನೇ ಹೇಳಿದ. ಅಷ್ಟೊತ್ತಿಗೆ ಅವನ ಅಪ್ಪ ಒಳಗಿನಿಂದ ಬಂದರು, ಅವರನ್ನು ಕಾಕಾ ಅಂತಲೇ ಕರೆದೆವು. "ಮೀಟರ್ ನಂಬಬ್ಯಾಡ್ರಿ. 2022ರಾಗ ಒಂದು ಹಂಗಾಮು ಅದು ಓಡಿಲ್ಲ. ನನ್ನ ಹತ್ರ ಬರದಿಟ್ಟೀನಿ" ಅಂತ ಕಿಸೆಯಿಂದ ಡೈರಿ ತೆಗೆದರು. ಯಾರ ಹೊಲ, ಯಾವ ತಾರೀಖು, ಎಷ್ಟು ಪೆಂಡಿ, ಎಷ್ಟು ಬಾಕಿ, ಎಲ್ಲ ನೀಟಾಗಿ ಬರೆದಿದ್ದರು. 2024ರ ಬೇಸಿಗೆಯ ಪುಟಗಳು ಖಾಲಿ. ಮಷಿನ್ ಬಿಡುವಾಗಿ ನಿಂತದ್ದು ಆಗಲೇ, ತಳದ ತುಕ್ಕು ಆ ಬೇಸಿಗೆಯದು. ಎಲ್ಲ ಕೂಡಿಸಿದರೆ 1,31,000ದ ಹತ್ತಿರ ಬಂತು. ಮಗ ನೆಲ ನೋಡುತ್ತಾ ನಿಂತ. "ಇರಲಿ ತಮ್ಮಾ, ನಿಮ್ಮಪ್ಪ ಹೇಳಿದ್ದು ನಿಮಗೇ ಒಳ್ಳೇದು" ಅಂದೆ. ಮನಸ್ಸಿನಿಂದಲೇ ಅಂದೆ. ತನಗೆ ನಷ್ಟವಾಗುವ ಸಂಖ್ಯೆಯನ್ನು ತಾನಾಗಿ ತೋರಿಸುವ ಮನುಷ್ಯ ಮಷಿನ್ನಿಗೆ ಗ್ರೀಸ್ ಹಾಕಿದ್ದೇನೆ ಅಂದರೆ ನಾನು ನಂಬುತ್ತೇನೆ.

ಅಲ್ಲೇ ಹೊರಸಿನ ಮೇಲೆ ಕುಳಿತು, ಎಲ್ಲರ ಎದುರಿಗೇ ಲೆಕ್ಕ ಹಾಕಿದೆ. ಗಂಟೆಗೆ 200 ಪೆಂಡಿ ಹಿಡಿದರೆ 1,31,000 ಪೆಂಡಿಗೆ ಸುಮಾರು 655 ಗಂಟೆ. ಅಮೆರಿಕದ ಕೃಷಿ ಇಂಜಿನಿಯರುಗಳ ಸಂಘದ ಕೋಷ್ಟಕದಲ್ಲಿ ಚೌಕ ಬೇಲರಿನ ಆಯುಷ್ಯ 2,000 ಗಂಟೆ, ಅಷ್ಟರೊಳಗೆ ರಿಪೇರಿಗೇ ಹೊಸ ಬೆಲೆಯ ಶೇಕಡ 80ರಷ್ಟು ಹೋಗುತ್ತದೆ ಅಂತಿದೆ. ಆ ಲೆಕ್ಕದಲ್ಲಿ ಮೂರರಲ್ಲೊಂದು ಪಾಲು ಸವೆದಿದೆ. ಆದರೆ ನೆಲ್ಲುಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಮರಳು ಕಾಗದದ ಹಾಗೆ ಕಬ್ಬಿಣ ತಿನ್ನುತ್ತದೆ. ಆದ್ದರಿಂದ ನಾನು ಅರ್ಧ ಆಯುಷ್ಯ ಮುಗಿದಿದೆ ಅಂತಲೇ ಹಿಡಿದೆ.

ಹೊಸದಕ್ಕೆ ಷೋರೂಮಿನಲ್ಲಿ ಭಾವನಿಗೆ ಹೇಳಿದ್ದು ಹತ್ತೂವರೆ ಲಕ್ಷ. ಇಲ್ಲಿ ಕಾಕಾಗೆ ಒಂದು ಮಾತು ಬಿಡಿಸಿ ಹೇಳಬೇಕಾಯಿತು. ಅವರ ಐದು ಲಕ್ಷ ಹೋದ ವರ್ಷದ ರೇಟಿನ ಮೇಲೆ ಕಟ್ಟಿದ್ದು. ಸೆಪ್ಟೆಂಬರ್ 22ರಿಂದ ಬೇಲರ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಹತ್ತು ಲಕ್ಷದ ಮಾಲಿಗೆ 1,20,000 ತೆರಿಗೆ ಇದ್ದದ್ದು 50,000 ಆಯಿತು. ಹೊಸದು ಅಗ್ಗವಾದರೆ ಹಳೆಯದೂ ಇಳಿಯಲೇಬೇಕು. ಸಬ್ಸಿಡಿ ಸಿಗುವವರಂತೂ ಹಳೆಯದರ ಕಡೆ ತಿರುಗಿಯೂ ನೋಡುವುದಿಲ್ಲ. "ಅದು ಖರೇ ಐತಿ" ಅಂದರು ಕಾಕಾ.

ಹತ್ತೂವರೆಯಲ್ಲಿ ಅರ್ಧ ಐದೂಕಾಲು. ಗ್ಯಾರಂಟಿ ಇಲ್ಲದ ಮಾಲು, ಕೆಟ್ಟರೆ ಕೊಂಡವನದೇ ಹೊಣೆ, ಅದಕ್ಕೆ ಐದರಲ್ಲೊಂದು ಪಾಲು ಕಳೆದೆ. ನಾಲ್ಕು ಲಕ್ಷ ಇಪ್ಪತ್ತು ಸಾವಿರ ಉಳಿಯಿತು. ಎಡಗಡೆಯ ನಾಟರ್, ಚಾಕುಗಳು, ಹುಲ್ಲು ಎತ್ತುವ ಹಲ್ಲುಗಳಲ್ಲಿ ಮುರಿದ ಹನ್ನೊಂದು, ಒಂದು ಬೇರಿಂಗ್, ಒಂದು ಟೈರ್, ತಳಕ್ಕೆ ತಗಡು: ಅರವತ್ತು ಸಾವಿರ. ಮೂರು ಲಕ್ಷ ಅರವತ್ತು ಸಾವಿರ.

ತಾಳೆ ನೋಡಲು ಇನ್ನೊಂದು ದಾರಿಯಿಂದಲೂ ಲೆಕ್ಕ ಹಾಕಿದೆ. ಡೀಸೆಲ್, ಡ್ರೈವರ್ ಬಾಟಾ, ದಾರ (ಒಂದು ಪೆಂಡಿಗೆ ಎರಡೂ ಕಡೆ ಸೇರಿ ಐದು ಮೀಟರ್ ಬೇಕು) ಎಲ್ಲ ಕಳೆದು ಪೆಂಡಿಗೆ ಹತ್ತು ರೂಪಾಯಿ ಉಳಿದರೆ, ವರ್ಷಕ್ಕೆ 20,000 ಪೆಂಡಿಗೆ ಎರಡು ಲಕ್ಷ. ರಿಪೇರಿ ಸೇರಿ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಅಂದರೆ ಎರಡು ವರ್ಷ ಮೇಲೆ ಒಂದು ಚೂರು. ಭಾವನಿಗೂ ಇದು ಒಪ್ಪಿಗೆಯಾಯಿತು.

ದಲ್ಲಾಳಿ ಅಷ್ಟರಲ್ಲಿ ಎರಡು ಸಲ ಫೋನ್ ಮಾಡಿದ್ದ. ಭಾವ ಎತ್ತಲಿಲ್ಲ. ಮಗ ಮೂರು ಎಪ್ಪತ್ತೈದು ಕೇಳಿದ, ಭಾವ ಮೂರು ಐವತ್ತು ಅಂದರು. ಒಳಗಿನಿಂದ ರೊಟ್ಟಿ, ಪುಂಡಿಪಲ್ಯ ಬಂತು. ಊಟ ಮುಗಿಯುವ ಹೊತ್ತಿಗೆ ಮೂರು ಅರವತ್ತಕ್ಕೆ ಮಾತಾಯಿತು. ಬಿಲ್ಲು, ಸಾಲ ತೀರಿದ ಪತ್ರ ನೋಡಿದೆ. ಸಬ್ಸಿಡಿಯಲ್ಲಿ ಬಂದ ಮಷಿನ್ ಅಲ್ಲ, ಹಾಗಾಗಿ ಮಾರಲು ಷರತ್ತಿನ ತೊಡಕಿಲ್ಲ. ಹತ್ತು ಸಾವಿರ ಮುಂಗಡ ಕೊಟ್ಟರು.

ಹೊರಡುವಾಗ ಭಾವ ಡೈರಿಯನ್ನೂ ಕೇಳಿದರು. "ಅದು ಹ್ಯಾಂಗ ಕೊಡ್ಲಿ, ಅದರಾಗ ಬಾಕಿ ಐತಲ್ರೀ, ಇನ್ನಾ ಹದಿನಾಲ್ಕು ಮಂದಿ ಕೊಡಬೇಕು" ಅಂದರು ಕಾಕಾ. ಪೆಂಡಿ ಲೆಕ್ಕದ ಪುಟಗಳ ಫೋಟೋ ಮಾತ್ರ ತೆಗೆದುಕೊಂಡೆವು.

ಲಾರಿ ಮಂಗಳವಾರ. ನಾಳೆ ಬೆಳಿಗ್ಗೆ ಎಡಗಡೆಯ ಕೊಕ್ಕಿಗೂ ದಾರದ ಚಾಕುವಿಗೂ ಆರ್ಡರ್ ಕೊಡಬೇಕು. ಸಾಗಿಸುವ ಮೊದಲು ಸೂಜಿಗಳನ್ನು ಕಟ್ಟಿ ನಿಲ್ಲಿಸಲು ಕಾಕಾನ ಮಗನಿಗೆ ಹೇಳಿದ್ದೇನೆ, ಮರೆಯುತ್ತಾನೇನೋ, ಬೆಳಿಗ್ಗೆ ಇನ್ನೊಂದು ಸಲ ಫೋನ್ ಮಾಡುತ್ತೇನೆ.